ಸ್ಲ್ಯಾಬಿನ ದಿನದ ಮೌನವ್ರತ

ದೇವಾನಂದ ಮಾಸ್ತರರಿಗೆ ಬೀಡಿ, ಸಿಗರೇಟು, ಇಸ್ಪೀಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ. ಯಾವ ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದರೂ ಅದರ ಕುಲಗೋತ್ರ ಹೇಳದೆ ಬಿಡುತ್ತಿರಲಿಲ್ಲ. ಬಬಲೇಶ್ವರದ ಹೈಸ್ಕೂಲಿನ ಮಕ್ಕಳು ಪಾಪ ಸಹಿಸಿಕೊಳ್ಳುತ್ತಿದ್ದವು. ಕಾಂಕ್ರೀಟು ಸಹಿಸಲಿಲ್ಲ.

ವಿಜಯಪುರದ ತಿಕೋಟಾ ರಸ್ತೆಯ ಕಡೆ ಅವರು ಮನೆ ಕಟ್ಟಿಸುತ್ತಿದ್ದರು. ಬುನಾದಿಗೆ ಕಾಂಕ್ರೀಟು ಹಾಕುವ ದಿನ ಗೌಂಡಿ ಪೀರಸಾಬನನ್ನು ಹಿಡಿದು ನಿಲ್ಲಿಸಿ, ಆ ಶಬ್ದ ಲ್ಯಾಟಿನ್ನಿನಿಂದ ಬಂದದ್ದು, ಅದರ ಅರ್ಥ 'ಕೂಡಿ ಬೆಳೆದದ್ದು' ಎಂದು ಶುರು ಹಚ್ಚಿಕೊಂಡರು. ಪೀರಸಾಬ ಮರ್ಯಾದಸ್ಥ. ಮಾಸ್ತರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ನಿಂತ. ಆಳುಗಳೂ ನಿಂತರು, ಮಿಕ್ಸರೂ ನಿಂತಿತು. ಪಾಠ ಮುಗಿಯುವಷ್ಟರಲ್ಲಿ ಮಿಕ್ಸರಿನ ಹೊಟ್ಟೆಯಲ್ಲಿದ್ದ ಮಾಲು ಕಲ್ಲಾಗಿತ್ತು. ಉಳಿ ಸುತ್ತಿಗೆ ತಂದು ಒಡೆದು ತೆಗೆಯಬೇಕಾಯಿತು.

"ಸ್ಲ್ಯಾಬಿನ ದಿನಾನೂ ಸರ್ ಬಾಯಿ ತೆರೆಯೂದಾದ್ರ ನಾ ಬರಂಗಿಲ್ರಿ ಅಕ್ಕಾರ," ಎಂದು ಪೀರಸಾಬ ಮಾಸ್ತರರ ಹೆಂಡತಿ ಗುರುಬಾಯಿಗೆ ಹೇಳಿಯೇಬಿಟ್ಟ.

ಗುರುಬಾಯಿ ಯೋಚಿಸಿ ಒಂದು ಉಪಾಯ ತೆಗೆದರು. ಸ್ಲ್ಯಾಬಿನ ಮೇಲೆ ಒಂದು ಖೋಲಿ ಏಳಿಸುವುದಿತ್ತು. ಮಾಸ್ತರರಿಗೆ ಅದು ತಮ್ಮ ಡಿಕ್ಷನರಿಗಳಿಗೆ ಬೇಕು. ಮದುವೆಯಾದಾಗಿನಿಂದ ಅವು ಮಂಚದ ಕೆಳಗೆ ಜೋಳದ ಚೀಲದ ಜೊತೆ ಬಿದ್ದಿದ್ದವು. ಎರಡನ್ನು ಇಲಿ ಆಗಲೇ ಓದಿ ಮುಗಿಸಿತ್ತು. ಗುರುಬಾಯಿಗೆ ಆ ಖೋಲಿ ಬಾಡಿಗೆಗೆ ಕೊಡಬೇಕಿತ್ತು.

"ಸ್ಲ್ಯಾಬ್ ಮುಗಿಯೂತನಾ ಸುಮ್ಮನಿದ್ರಿ ಅಂದ್ರ ಖೋಲಿ ನಿಮ್ಮ ಡಿಕ್ಷನರಿಗೆ," ಎಂದರು ಗುರುಬಾಯಿ. "ಒಂದ ಒಂದು ಮಾತು ಆಡಿದ್ರೂ ಬಾಡಿಗಿಗೆ. ಆಮ್ಯಾಲ ತಕರಾರು ತಗೀಬಾರದು."

ಮಾಸ್ತರು ಒಪ್ಪಿದರು. ಒಪ್ಪಿದೆ ಎನ್ನುವುದನ್ನೇ ಒಂದು ಗಳಿಗೆ ವಿವರಿಸಿದರು.

ಸ್ಲ್ಯಾಬಿನ ದಿನ ಮುಂಜಾನೆ ಅವರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಬಾಯಿಗೆ ಬೀಗ ಜಡಿದುಕೊಂಡು ಕುಳಿತರು. ಪೀರಸಾಬ ಮಾತ್ರ ನಂಬದೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಮಿಕ್ಸರು ತಿರುಗತೊಡಗಿತು.

ಮೊದಲು ಬಂದವರು ಬಾಜೂ ಮನೆಯ ನೀಲಾಬಾಯಿ. "ಯಾಕ್ರಿ ಸರ, ಇವತ್ತ ಮಾತ ಇಲ್ಲಲ್ಲ. ಮೈಯಾಗ ಆರಾಮ ಇಲ್ಲೇನು?" ಎಂದರು.

ಖೋಲಿಯ ವ್ಯವಹಾರ ಊರಿಗೆಲ್ಲ ಗೊತ್ತಾಗುವುದು ಗುರುಬಾಯಿಗೆ ಬೇಡವಾಗಿತ್ತು. "ಮೌನವ್ರತ ಹಿಡದಾರ್ರಿ. ಮನಿಗೆ ಒಳ್ಳೇದಾಗ್ಲಿ ಅಂತ," ಎಂದುಬಿಟ್ಟರು.

ನೀಲಾಬಾಯಿಯ ಸೆರಗು ತಾನಾಗಿಯೇ ತಲೆಯ ಮೇಲೆ ಬಂತು. ಮಾತಾಡುವವರಿಗೆ ನಮ್ಮಲ್ಲಿ ಬರವಿಲ್ಲ, ಆದ್ದರಿಂದ ಸುಮ್ಮನಿರುವವರನ್ನು ಕಂಡರೆ ಜನ ಕೈ ಮುಗಿಯುತ್ತಾರೆ. ಅವರು ಮನೆಗೆ ಹೋಗಿ ಕಾಯಿ, ಊದಿನಕಡ್ಡಿ ತಂದರು. ಬರುವಾಗ ಓಣಿಯ ಹೆಂಗಸರನ್ನೂ ಕರೆತಂದರು. 'ಸರ' ಹೋಗಿ, ಮಠದ ಸ್ವಾಮಿಗಳನ್ನು ಕರೆಯುವ 'ಅಜ್ಜಾರ' ಆಯಿತು.

"ಅಜ್ಜಾರ, ನಮ್ಮ ಅಳಿಯಗ ಈ ಕಡೆ ವರ್ಗ ಆಗತೈತೇನ್ರಿ?"

ಅದೇ ಹೊತ್ತಿಗೆ ಮಾಸ್ತರರ ಮೂಗಿನ ಮೇಲೆ ನೊಣ ಕುಳಿತಿತು. ಅವರು ತಲೆ ಕೊಡವಿದರು. ನೀಲಾಬಾಯಿ ಕಣ್ಣೊರೆಸಿಕೊಂಡು ಮಗಳಿಗೆ ಫೋನು ಹಚ್ಚಿದರು. "ಕಟ್ಟಿದ ಸಾಮಾನಿನ ಗಂಟು ಬಿಚ್ಚಬೇ. ವರ್ಗ ಆಗಂಗಿಲ್ಲಂತ, ಅಜ್ಜಾರು ಹೇಳ್ಯಾರ."

ಮೇಲಿನಿಂದ ಒಬ್ಬ ಆಳು ಕೂಗಿದ. "ಸರ, ಫ್ಯಾನಿನ ಹುಕ್ಕ ಎಲ್ಲಿ ಬಿಡೂಣ್ರಿ?"

ಮಾಸ್ತರು ಪಡಸಾಲೆಯ ಕಡೆ ಕೈ ಎತ್ತಿದರು. ಅಷ್ಟರಲ್ಲಿ ಒಬ್ಬಾಕೆ ಕಾಲಿಗೆ ಬಿದ್ದಳು, ಕುರ್ಚಿ ಹೊರಳಿತು, ಕೈ ಬಚ್ಚಲದ ಕಡೆ ತಿರುಗಿತು. ಆಳು ಬಚ್ಚಲದ ನೆತ್ತಿಗೆ ಹುಕ್ಕು ಸಿಕ್ಕಿಸಿದ. ಮಾಸ್ತರರಿಗೆ ಬೆವರು ಜಾಸ್ತಿ ಇರಬೇಕು ಎಂದುಕೊಂಡ. ಮಾಸ್ತರು ಧಡಕ್ಕನೆ ಎದ್ದು ಎರಡೂ ಕೈ ಮೇಲೆತ್ತಿ ಬೇಡ ಬೇಡ ಎಂದು ಆಡಿಸಿದರು. ಆಶೀರ್ವಾದವೆಂದು ಹೆಂಗಸರೆಲ್ಲ ತಲೆ ಬಾಗಿಸಿದರು. ಹುಕ್ಕಿನ ಸುತ್ತ ಕಾಂಕ್ರೀಟು ಬಿತ್ತು.

ಮಧ್ಯಾಹ್ನ ಹತ್ತಿರ ಹಾಯುತ್ತಿದ್ದ ಆಳಿನ ತಲೆಯಿಂದ ಕಾಂಕ್ರೀಟು ತುಂಬಿದ ಬುಟ್ಟಿ ಜಾರಿ ಮಾಸ್ತರರ ಕಾಲಿನ ಮೇಲೆ ಬಿತ್ತು. ಯವ್ವಾ ಎಂದರೂ ಅದು ಮಾತೇ. ಮಾಸ್ತರು ಟವೆಲು ಕಚ್ಚಿಕೊಂಡರು. ಕಣ್ಣಲ್ಲಿ ನೀರು ಬಂತು. ಭಕ್ತಿಯಿಂದ ಬಂದ ನೀರೆಂದು ನೀಲಾಬಾಯಿಯೂ ಅತ್ತರು.

ಹೊತ್ತು ವಾಲಿತು. ಸ್ಲ್ಯಾಬಿನ ಒಂದು ಮೂಲೆಯಲ್ಲಿ ಚಾಪೆಯಗಲದ ಜಾಗ ಮಾತ್ರ ಉಳಿದಿತ್ತು. ಮಾಸ್ತರು ಮನಸ್ಸಿನಲ್ಲೇ ಕಪಾಟು ಜೋಡಿಸಿ, ದೊಡ್ಡ ಡಿಕ್ಷನರಿಯನ್ನು ಕಿಟಕಿಯ ಹತ್ತಿರ ಇಟ್ಟಾಗಿತ್ತು. ಆಗ ದಪ್ಪ ಕನ್ನಡಕದ ಒಬ್ಬ ಮನುಷ್ಯ ಸ್ಕೂಟರು ನಿಲ್ಲಿಸಿ ಹೆಂಗಸರ ನಡುವೆ ಬಂದು ನಿಂತ. ಸ್ಲ್ಯಾಬು ನೋಡಿದ. ಮಾಸ್ತರರನ್ನೂ ನೋಡಿದ.

"ಕಾಂಕ್ರೀಟ್ ಅನ್ನೂದು ನಮ್ಮ ಮಾತ ನೋಡ್ರಿ," ಎಂದ ಎಲ್ಲರಿಗೂ ಕೇಳುವ ಹಾಗೆ. "ಸಣ್ಣ ಕಲ್ಲಿಗೆ ಕಂಕರ ಅಂತೀವಲ್ಲ, ಅದನ್ನ ಇಂಗ್ಲಿಷರು ಹಡಗದಾಗ ಒಯ್ದು ಕಾಂಕ್ರೀಟ್ ಮಾಡ್ಯಾರ."

"ಹೌದಲ್ರಿ," ಎಂದರು ನೀಲಾಬಾಯಿ. "ಕಂಕರ, ಕಾಂಕ್ರೀಟ. ಎಷ್ಟ ಛಂದ ಹೇಳಿದ್ರಿ."

ಮಾಸ್ತರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. ಮೂಲೆಯಲ್ಲಿ ಇನ್ನು ನಾಲ್ಕಾರು ಬುಟ್ಟಿಯ ಕೆಲಸ.

"ಶ್ಯಾಣ್ಯಾರಿಗೆಲ್ಲ ಇದು ಗೊತ್ತಿದ್ದದ್ದ," ಎಂದ ಆ ಮನುಷ್ಯ. "ಅಜ್ಜಾರೂ ಒಪ್ಪ್ಯಾರ. ಅದಕ್ಕ ಸುಮ್ಮನ ಕುಂತಾರ."

"ಸುಳ್ಳು," ಎಂದರು ಮಾಸ್ತರು.

ಒಡ್ಡು ಒಡೆದ ಮೇಲೆ ಕೆರೆ ಯಾರ ಮಾತು ಕೇಳುತ್ತದೆ? "ಕಂಕರ ಸಂಸ್ಕೃತದ ಕರ್ಕರದಿಂದ ಬಂದೈತಿ, ಅದರ ಮನಿತನಾನ ಬ್ಯಾರೆ. ಕಾಂಕ್ರೀಟ್ ಲ್ಯಾಟಿನ್ನಿಂದು. ಕೂಡಿ ಬೆಳೆದದ್ದು, ಹೆಪ್ಪುಗಟ್ಟಿದ್ದು ಅಂತ ಅರ್ಥ. ಮೊದಲ ಅದನ್ನ ಬಳಸಿದವರು ತರ್ಕಶಾಸ್ತ್ರದವರು. ಬರೀ ವಿಚಾರದಾಗ ಇರೂದಲ್ಲ, ಕಣ್ಣಿಗೆ ಕಾಣೂದು ಕಾಂಕ್ರೀಟ್. ಗೌಂಡ್ಯಾರ ಕೈಗೆ ಅದು ಬಂದು ಎರಡನೂರು ವರ್ಷ ಸುದ್ದಾ ಆಗಿಲ್ಲ." ಇನ್ನೂ ಬಹಳ ಹೇಳಿದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ನೀಲಾಬಾಯಿ ಕಾಯಿ ವಾಪಸು ತೆಗೆದುಕೊಂಡು, ಗಂಟು ಮತ್ತೆ ಕಟ್ಟು ಎಂದು ಮಗಳಿಗೆ ಫೋನು ಮಾಡುತ್ತ ಹೋದರು. ಕಿವಿಯಲ್ಲಿ ಹತ್ತಿ ಇದ್ದ ಪೀರಸಾಬನಿಗೆ ಏನೂ ಕೇಳದೆ ಅವನು ಸ್ಲ್ಯಾಬು ಮುಗಿಸಿ ಕೈ ತೊಳೆದ.

ಗುರುಬಾಯಿ ಕನ್ನಡಕದ ಮನುಷ್ಯನ ಕಡೆ ತಿರುಗಿದರು. "ಖೋಲಿ ನಿಮ್ಮದಾತ್ರಿ ಸಿದ್ದರಾಯರ. ಮ್ಯಾಲಿಂದು ಕಟ್ಟೂದು ಮುಗದ ಕೂಡಲೇ ಬರ್ರಿ."

ಮಾಸ್ತರು ಸಿಟ್ಟಿನಿಂದ ಕುರ್ಚಿ ನೂಕಿ ಎದ್ದರು.

"ತಪ್ಪು ತಿಳ್ಕೋಬ್ಯಾಡ್ರಿ ಸರ," ಎಂದ ಸಿದ್ದರಾಯ ಕೈ ಮುಗಿದು. "ಲ್ಯಾಟಿನ್ನಿಂದು ಅಂತ ನನಗೂ ಗೊತ್ತೈತ್ರಿ. ತರ್ಕಶಾಸ್ತ್ರದವರ ಜೋಡಿ ವ್ಯಾಕರಣದವರೂ ಅದನ್ನ ಬಳಸ್ಯಾರ, ನೀವು ಅದನ್ನ ಬಿಟ್ರಿ. ಏನು ಮಾಡ್ಲಿ, ಸ್ಟೇಷನ್ ರಸ್ತೆದಾಗ ನಮ್ಮದು ಸಣ್ಣ ಮನಿ. ಏಳು ಕಪಾಟು ಡಿಕ್ಷನರಿ ಅದಾವ. ಬ್ಯಾರೆ ಖೋಲಿ ನೋಡದಿದ್ರ ರದ್ದಿಗೆ ಹಾಕ್ತೀನಿ ಅಂದಾಳ ನಮ್ಮ ಮನಿಯಾಕಿ. ಸರ್ ಮಾತಾಡಿದ್ರ ಖೋಲಿ ನಿಮಗ ಅಂತ ಅಕ್ಕಾರು ಹೇಳಿದ್ರು."

ಮಾಸ್ತರರ ಸಿಟ್ಟು ಅರ್ಧಕ್ಕೇ ಇಳಿಯಿತು. ಏಳು ಕಪಾಟು. ಅದೂ ತಮ್ಮದೇ ತಲೆಯ ಮೇಲೆ. ತಾವು ಬಿಟ್ಟದ್ದನ್ನು ಹಿಡಿದು ತೋರಿಸುವ ಮನುಷ್ಯ ಅವರಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಇದೇ ಮೊದಲು. ಸಂತೋಷ ತಡೆಯಲಾಗಲಿಲ್ಲ. ಸಿದ್ದರಾಯನ ಕೈ ಹಿಡಿದುಕೊಂಡರು.

"ಹೋಗ್ಲಿ ಬಿಡ್ರಿ. ದಿನಾ ಸಂಜೀಕೆ ಮ್ಯಾಲ ಬರ್ತೀನಿ. ಇಬ್ರೂ ಕುಂತು ಮಾತಾಡೂಣು."

ಸಿದ್ದರಾಯ ಗುರುಬಾಯಿಯ ಮುಖ ನೋಡಿ ಮೆಲ್ಲಗೆ ಕೈ ಬಿಡಿಸಿಕೊಂಡ.

"ಅಕ್ಕಾರು ಒಂದು ಷರತ್ತು ಹಾಕ್ಯಾರ್ರಿ ಸರ. ನಿಮ್ಮ ಜೋಡಿ ಮಾತಿಗೆ ಕುಂತ ದಿನಾನ ಖೋಲಿ ಖಾಲಿ ಮಾಡಬೇಕಂತ."