ರಜಾಯಿಯ ಜೊತೆಗೊಂದು ಕಲ್ಲು

ಕೆಳಗೆ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ಈ ಪೊದೆ ಮೀಸೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದೇನೆ. ನಮ್ಮ ಬಳಗದಲ್ಲಿ ಇಂಥ ಮೀಸೆ ಇನ್ನೊಬ್ಬರಿಗಿಲ್ಲ. ಆದ್ದರಿಂದ ಇಂಥ ಆಣೆ ಇಡುವ ಯೋಗ್ಯತೆಯೂ ಇನ್ನೊಬ್ಬರಿಗಿಲ್ಲ.

ಬೆಟ್ಟ ಶಿಬಿರ ಇಲಾಖೆಯಲ್ಲಿ ಚಾರಣಿಗರಿಗೆ ಕೊಡುವ ರಜಾಯಿಯ ಬಿಸುಪನ್ನು ತಕ್ಕಡಿಯಲ್ಲಿ ತೂಗಿ ನಿರ್ಧರಿಸುವ ಪದ್ಧತಿ ಮೊದಲಿನಿಂದಲೂ ಇದೆ. "ರಜಾಯಿಯು ಎಷ್ಟು ಭಾರವೋ ಅಷ್ಟು ಬೆಚ್ಚಗಿದೆಯೆಂದು ಭಾವಿಸತಕ್ಕದ್ದು. ಎರಡು ಕಿಲೋಗಿಂತ ಹಗುರಾದುದನ್ನು ತಣ್ಣಗಿನದೆಂದು ಘೋಷಿಸಿ ವಿಲೇವಾರಿ ಮಾಡತಕ್ಕದ್ದು" ಎನ್ನುತ್ತದೆ ನಿಯಮ. ಅದನ್ನು ಬರೆದ ಕಾಲಕ್ಕೆ ಇದ್ದದ್ದು ಹತ್ತಿಯ ರಜಾಯಿಗಳು. ಆಮೇಲೆ ಬಾತುಕೋಳಿಯ ತುಪ್ಪುಳ ತುಂಬಿದವು ಬಂದವು. ಹೊಸದರಲ್ಲಿ ಅವು ಊದಿದರೆ ಹಾರುವಷ್ಟು ಹಗುರ. ಅದೃಷ್ಟವಶಾತ್ ಉಗ್ರಾಣದ ಸೂರು ಸೋರುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲವೂ ನಿಯಮಕ್ಕೆ ತಕ್ಕಷ್ಟು ಬೆಚ್ಚಗಾದವು. ಸೋರುವ ಜಾಗದ ನೇರ ಕೆಳಗಿದ್ದ ರಜಾಯಿಗೆ 'ಅತ್ಯುತ್ತಮ' ಎಂಬ ಚೀಟಿ ಅಂಟಿಸಲಾಯಿತು. ಸೂರು ರಿಪೇರಿ ಮಾಡಿಸಿ ಎಂದವರಿಗೆ, ಅದರಿಂದ ಇಲಾಖೆಯ ಬಿಸುಪಿಗೆ ಧಕ್ಕೆ ಬರುತ್ತದೆಂದು ತಿಳಿಸಲಾಯಿತು.

ಆ ಉಗ್ರಾಣವನ್ನು ನೋಡಿಕೊಳ್ಳುವವಳು ನನ್ನ ಅಕ್ಕನ ಮಗಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಬೆಳಗ್ಗೆ ಒಬ್ಬ ಚಾರಣಿಗ ಬೆಟ್ಟದಿಂದ ಇಳಿದವನೇ ಬಂದು, 'ಅತ್ಯುತ್ತಮ' ರಜಾಯಿಯನ್ನು ಅವಳ ಮೇಜಿನ ಮೇಲೆ ದೊಪ್ಪನೆ ಹಾಕಿದ. ಹಲ್ಲು ಕಟಕಟ ಅನ್ನುತ್ತಿತ್ತು.

"ಮೇ... ಮೇಡಂ, ಇದು ರ... ರಜಾಯಿನಾ, ನೆಲ ಒರೆಸೋ ಬಟ್ಟೆನಾ?"

ಪಕ್ಕದ ಗುಮಾಸ್ತ ರಜಾಯಿಯನ್ನು ತಕ್ಕಡಿಗಿಟ್ಟು ತೋರಿಸಿದ. "ಎರಡೂವರೆ ಕಿಲೋ ಇದೆ ನೋಡಿ ಸ್ವಾಮಿ. ರಜಾಯಿ ಬೆಚ್ಚಗೇ ಇದೆ. ಚಳಿ ನಿಮ್ಮ ಸ್ವಂತದ್ದು."

ವಿಷಯ ದೊಡ್ಡ ಸಾಹೇಬರ ಕಿವಿಗೆ ಬಿತ್ತು. ಅವರು ನನ್ನ ಸೋದರ ಸೊಸೆಯನ್ನು ಕರೆಸಿ, "ನೋಡಮ್ಮಾ, ಮುಂದಿನ ವಾರ ತಪಾಸಣೆ. ರಜಾಯಿಗಳು ಸರಿಯಾಗಿದ್ರೆ ನಿನ್ನ ಕೆಲಸ ಕಾಯಂ. ಇಲ್ಲಾಂದ್ರೆ ರಜಾಯಿಗಳ ಜೊತೆ ನಿನ್ನನ್ನೂ ವಿಲೇವಾರಿ ಮಾಡ್ಬೇಕಾಗುತ್ತೆ" ಅಂದರಂತೆ.

ಹುಡುಗಿ ಕಣ್ಣೊರೆಸಿಕೊಳ್ಳುತ್ತ ನಮ್ಮ ಮನೆಗೆ ಬಂದಳು. ಬರಬೇಕಾದದ್ದೇ. ತುಪ್ಪುಳದ ವಿಷಯದಲ್ಲಿ ನನ್ನಷ್ಟು ತಿಳಿದವರು ಬಾತುಕೋಳಿಗಳಲ್ಲೂ ಕಡಿಮೆ.

"ಮಾವ, ನಿಜವಾಗ್ಲೂ ನಿಮಗೆ ಗೊತ್ತಾ, ಇಲ್ಲಾ ಹೋದ ಸಲ ನಲ್ಲಿ ರಿಪೇರಿ ಮಾಡಿದ ಹಾಗಾ?"

"ನಲ್ಲಿ ಬೇರೆ, ರಜಾಯಿ ಬೇರೆ. ಬಿಸುಪು ತುಪ್ಪುಳದಲ್ಲಿಲ್ಲ ಮಗಳೇ, ಅದು ಹಿಡಿದಿಟ್ಟುಕೊಳ್ಳೋ ಗಾಳಿಯಲ್ಲಿದೆ. ನಿಮ್ಮ ಇಲಾಖೆಯವರು ಗಾಳಿ ತೆಗೆದು ನೀರು ತುಂಬಿದ್ದಾರೆ, ಅಷ್ಟೆ."

ರಜಾಯಿಗಳನ್ನೆಲ್ಲ ಕೈಗಾಡಿಗೆ ಹೇರಿಕೊಂಡು ಬೀದಿ ಕೊನೆಯ ಲಾಂಡ್ರಿಗೆ ಹೋದೆವು. ದೊಡ್ಡ ತೊಟ್ಟಿಯಲ್ಲಿ ನೊರೆ ಕಡಿಮೆಯ ಸೋಪು ಕದಡಿ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆದೆವು. ಹಿಂಡಲಿಲ್ಲ, ತುಪ್ಪುಳವನ್ನು ಹಿಂಡಿದರೆ ಅದು ಜನ್ಮಪೂರ್ತಿ ಮುನಿಸಿಕೊಳ್ಳುತ್ತದೆ. ಅಂಗೈಯಿಂದ ಮೆಲ್ಲಗೆ ಒತ್ತಿ ನೀರಿಳಿಸಿ, ಬಟ್ಟೆ ಒಣಗಿಸುವ ಮೆಷಿನ್ನಿಗೆ ಹಾಕಿ, ಜೊತೆಗೆ ತುಪ್ಪುಳದ ಗಂಟುಗಳನ್ನು ಬಡಿದು ಬಿಡಿಸಲೆಂದು ಹಳೆಯ ಟೆನ್ನಿಸ್ ಚೆಂಡುಗಳನ್ನೂ ಎಸೆದೆ.

ಲಾಂಡ್ರಿಯವನು ಓಡಿ ಬಂದ. "ಅಣ್ಣಾ, ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಕೇಳ್ತಿದೆ! ಮೆಷಿನ್ ಒಡೆದು ಹೋದ್ರೆ?"

"ಒಡೆದ್ರೆ ನಾಳೆಯಿಂದ ನಾನೇ ಒಳಗೆ ಕೂತು ತಿರುಗ್ತೀನಿ, ಹೋಗಯ್ಯ."

ಕಡಿಮೆ ಬಿಸಿಯಲ್ಲಿ ತಿರುಗಿಸುವುದು, ಹೊರಗೆ ತೆಗೆದು ಗಂಟುಗಳನ್ನು ಬೆರಳಲ್ಲಿ ಬಿಡಿಸುವುದು, ಮತ್ತೆ ತಿರುಗಿಸುವುದು. ಗಂಟು ಉಳಿದರೆ ಒಳಗೆ ಒದ್ದೆ ಉಳಿದಿದೆ ಎಂದೇ ಅರ್ಥ. ಹುಡುಗಿ ಬೆರಳು ಸೋಲುವವರೆಗೂ ಬಿಡಿಸಿದಳು. ನಾನು ಅವಳಿಗೆ ಧೈರ್ಯ ಹೇಳುತ್ತ ಕುಳಿತೆ. ಅದೂ ಶ್ರಮದ ಕೆಲಸವೇ. ರಜಾಯಿಗಳು ಉಬ್ಬತೊಡಗಿದವು. ಕೊನೆಯದು ಉಬ್ಬಿದ ರಭಸಕ್ಕೆ ಮೆಷಿನ್ನಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಂದು ಎಳೆ ತುಪ್ಪುಳ ನನ್ನ ಮೀಸೆಯಲ್ಲಿ ಸಿಕ್ಕಿಕೊಂಡು, ಅಲ್ಲಿನ ವಾತಾವರಣ ಹಿಡಿಸಿ ವಾರಪೂರ್ತಿ ಅಲ್ಲೇ ತಂಗಿತು.

ತಪಾಸಣೆಯ ದಿನ ಬಂತು. ಉಬ್ಬಿದ ರಜಾಯಿಗಳು ಕಪಾಟಿನಲ್ಲಿ ಹಿಡಿಸದೆ, ಬಾಗಿಲು ತೆರೆದುಕೊಳ್ಳದಂತೆ ಒಂದು ಗುಂಡುಕಲ್ಲು ಒತ್ತಿಡಲಾಗಿತ್ತು. ಗುಮಾಸ್ತ ಒಂದು ರಜಾಯಿ ತೂಗಿದ. ಒಂದು ಕಿಲೋ ಕೂಡ ಇರಲಿಲ್ಲ.

ಸಾಹೇಬರ ಮುಖ ಕಪ್ಪಿಟ್ಟಿತು. "ಅರ್ಧಕ್ಕಿಂತ ಹೆಚ್ಚು ಬಿಸುಪು ಕಾಣೆಯಾಗಿದೆ. ಎಲ್ಲಿ ಹೋಯ್ತು?"

"ಸರ್, ಹೋಗಿದ್ದು ನೀರು" ಅಂದಳು ಹುಡುಗಿ.

"ಯಾರ ಅನುಮತಿ ತಗೊಂಡು ಹೋಯ್ತು?"

ಹುಡುಗಿಯ ಜೊತೆಗೆ ಹೋಗಿದ್ದ ನಾನು ಮುಂದೆ ಬಂದು, "ಸ್ವಾಮಿ, ತಾವೇ ಒಂದು ಗಳಿಗೆ ಹೊದ್ದು ನೋಡಿ. ಆಮೇಲೆ ಬೇಕಾದ್ರೆ ನನ್ನ ಮೀಸೆ ಬೋಳಿಸಿ" ಅಂದೆ.

ಇಲಾಖೆಯ ಸಭಾಂಗಣ ಬೆಟ್ಟದ ತುದಿಗಿಂತ ತಣ್ಣಗಿತ್ತು. ಅಲ್ಲಿನ ಎ.ಸಿ.ಯ ರಿಮೋಟ್ ಬೀರುವಿನೊಳಗಿದೆ, ಬೀರುವಿನ ಕೀಲಿ ನಿವೃತ್ತರಾದ ಹಳೆಯ ಸಾಹೇಬರ ಬಳಿಯಿದೆ. ಸಾಹೇಬರು ಉದ್ದದ ಮೇಜಿನ ಮೇಲೆ ಗಂಭೀರವಾಗಿ ಮಲಗಿದರು. ಹುಡುಗಿ ರಜಾಯಿಯನ್ನು ಒಮ್ಮೆ ಕೊಡವಿ ಹೊದಿಸಿದಳು. ಸಾಹೇಬರು "ಹ್ಞೂಂ" ಅಂದರು. ಮತ್ತೊಮ್ಮೆ "ಹ್ಞೂಂ" ಅಂದರು. ಆಮೇಲೆ ಬಂದದ್ದು ಗೊರಕೆ.

"ಎಬ್ಬಿಸೋಣ್ವಾ?" ಎಂದು ಪಿಸುಗುಟ್ಟಿದಳು ಹುಡುಗಿ.

ಗುಮಾಸ್ತ ಹೌಹಾರಿದ. "ಎಬ್ಬಿಸಿದ್ರೆ ಮಲಗಿದ್ರು ಅಂತ ಆಗುತ್ತೆ. ಕಚೇರಿ ವೇಳೆಯಲ್ಲಿ ನಿದ್ದೆ ಮಾಡಿದವರನ್ನ ಅಮಾನತು ಮಾಡ್ಬೇಕು, ನಿಯಮ ಇದೆ!"

ಆದ್ದರಿಂದ ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಕಚೇರಿ ಮುಚ್ಚುವ ಗಂಟೆ ಹೊಡೆದಾಗ ಸಾಹೇಬರು ಕೆನ್ನೆ ಕೆಂಪಗಾಗಿ ಎದ್ದು ಕುಳಿತರು.

"ನಾನು... ಎಲ್ಲಿದ್ದೆ?"

"ಪರಿಶೀಲನೆಯಲ್ಲಿದ್ರಿ ಸರ್. ಬಹಳ ಆಳವಾಗಿ" ಅಂದ ಗುಮಾಸ್ತ.

ಸಾಹೇಬರು ರಜಾಯಿಯನ್ನು ಮೈಗೆ ಇನ್ನಷ್ಟು ಎಳೆದುಕೊಂಡು ಪೇಚಾಡಿದರು. "ಅಪ್ಪನ ಮನೆಯಲ್ಲೂ ನಾನು ಇಷ್ಟು ಬೆಚ್ಚಗೆ ಪರಿಶೀಲನೆ ಮಾಡಿರ್ಲಿಲ್ಲ. ಆದ್ರೆ ಏನ್ಮಾಡ್ಲಿ, ತೂಕ ಇಲ್ವಲ್ಲಮ್ಮಾ. ನಿಯಮದ ಪ್ರಕಾರ ನನಗೆ ಚಳಿಯಾಗಿದೆ."

ಆಗ ನನ್ನ ಸೋದರ ಸೊಸೆ ಮಾಡಿದ ಕೆಲಸ ನೋಡಿ, ಅವಳಿಗೆ ನಮ್ಮ ಕಡೆಯ ಬುದ್ಧಿಯೇ ಬಂದಿದೆ ಎಂಬುದು ನನಗೆ ಖಾತ್ರಿಯಾಯಿತು. ಕಪಾಟಿಗೆ ಒತ್ತಿಟ್ಟಿದ್ದ ಗುಂಡುಕಲ್ಲನ್ನು ಎತ್ತಿ ತಂದು, ಸಾಹೇಬರ ಮೈಮೇಲಿನ ರಜಾಯಿಯನ್ನು ವಿನಯದಿಂದ ಬಿಡಿಸಿಕೊಂಡು, ಎರಡನ್ನೂ ತಕ್ಕಡಿಯಲ್ಲಿಟ್ಟಳು. "ಸರ್, ತೂಕ ಒಂದೇ ಕಮ್ಮಿ ಇರೋದಾದ್ರೆ, ತೂಕ ಕೊಟ್ಬಿಡೋಣ."

ಮುಳ್ಳು ಎರಡು ಕಿಲೋ ದಾಟಿತು.

ಗುಮಾಸ್ತ ಭಾವುಕನಾಗಿ, "ಈಗ ಬೆಚ್ಚಗಾಯ್ತು ಸರ್!" ಅಂದ.

ಮರುದಿನ ಪ್ರಕಟಣೆ ಹೊರಬಿತ್ತು: "ಇನ್ನು ಮುಂದೆ ಪ್ರತಿ ರಜಾಯಿಯ ಜೊತೆಗೆ ಒಂದು ಬಿಸುಪು ಪೂರಕ ಕಲ್ಲನ್ನು ನೀಡಲಾಗುವುದು. ಶಿಬಿರಾರ್ಥಿಗಳು ಅದನ್ನು ತಾವೇ ಬೆಟ್ಟಕ್ಕೆ ಹೊತ್ತು, ತಾವೇ ಇಳಿಸಿ ತಂದು ಒಪ್ಪಿಸತಕ್ಕದ್ದು. ಕಲ್ಲು ಕಳೆದುಕೊಂಡವರನ್ನು ಸರ್ಕಾರಿ ಬಿಸುಪನ್ನು ಪೋಲು ಮಾಡಿದವರೆಂದು ಪರಿಗಣಿಸಲಾಗುವುದು. ಬೆಟ್ಟದ ಮೇಲೆ ಸಿಗುವ ಬೇರೆ ಕಲ್ಲುಗಳನ್ನು ಬದಲಿಗೆ ತರಕೂಡದು, ಅವು ತಣ್ಣಗಿರುತ್ತವೆ." ಸೂರು ಸೋರುವುದು ಇನ್ನು ಅನಗತ್ಯವೆಂದು ತೀರ್ಮಾನವಾಗಿ, ಅದನ್ನು ರಿಪೇರಿ ಮಾಡಿಸಲಾಯಿತು. ಹುಡುಗಿಯ ಕೆಲಸ ಕಾಯಂ ಆಯಿತು. ಸಾಹೇಬರು ಮಧ್ಯಾಹ್ನದ ಹೊತ್ತು ಒಂದು ರಜಾಯಿ ತರಿಸಿಕೊಂಡು ಪರಿಶೀಲನೆ ಮುಂದುವರಿಸಿದ್ದಾರೆ.

ಮೊನ್ನೆ ನಾನು ಅಲ್ಲಿ ಕುಳಿತಿದ್ದಾಗ ಅದೇ ಚಾರಣಿಗ ಬೆಟ್ಟದಿಂದ ಇಳಿದು ಬಂದ. ಹಲ್ಲು ತೆಪ್ಪಗಿತ್ತು, ಮುಖ ಅರಳಿತ್ತು. ಕಲ್ಲನ್ನು ಎರಡೂ ಕೈಯಿಂದ ಹುಷಾರಾಗಿ ಮೇಜಿನ ಮೇಲಿಟ್ಟ.

"ಅದ್ಭುತ ಮೇಡಂ! ಹಿಮ ಬಿದ್ರೂ ಬೆವರಿಬಿಟ್ಟೆ."

ನಾನು ಮೀಸೆ ತಿರುವುತ್ತ ಎದ್ದು ನಿಂತೆ. "ಹಾಗಾದ್ರೆ ರಜಾಯಿ..."

"ರಜಾಯಿ ಬಿಡಿ ಯಜಮಾನ್ರೇ, ಹೋದ ಸಲವೂ ರಜಾಯಿ ಇತ್ತು. ಕಲ್ಲು ಇರ್ಲಿಲ್ಲ, ಅದಕ್ಕೇ ಚಳಿ. ಇದೇ ಕಲ್ಲನ್ನ ಮುಂದಿನ ಸಲಕ್ಕೂ ಎತ್ತಿಡ್ತೀರಾ ಮೇಡಂ?"

"ಖಂಡಿತ" ಎಂದು ಅವಳು ಕಲ್ಲಿಗೆ 'ಅತ್ಯುತ್ತಮ' ಎಂಬ ಚೀಟಿ ಅಂಟಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ, "ಸುಮ್ನೆ ಕೂತ್ಕೊಳಿ ಮಾವ" ಅಂದಳು. ಕುಳಿತೆ.

ನಡೆದದ್ದು ನಡೆದ ಹಾಗೇ ಬರೆದಿದ್ದೇನೆ. ಓದುವವರ ಖುಷಿಗೆಂದು ಒಂದೇ ಒಂದು ಸಣ್ಣ ವಿವರವನ್ನು ಮಾತ್ರ ಕೈಯಿಂದ ಸೇರಿಸಿದ್ದೇನೆ: ನನಗೆ ಮೀಸೆ ಇಲ್ಲ.