ಅತ್ತೆಯವರು ಕೀ ಪರ್ಸನ್ ಹುಡುಕಿದ್ದು

ನಮ್ಮ ಅತ್ತೆಯವರನ್ನು ಕಂಡರೆ ಜಪಾನಿನ ಭೂಕಂಪಕ್ಕೂ ಸ್ವಲ್ಪ ಭಯ. ಉತ್ಪ್ರೇಕ್ಷೆ ಎನ್ನುತ್ತೀರಾ? ಹೋದ ಚಳಿಗಾಲದಲ್ಲಿ ಅವರ ಮನೆಯಲ್ಲಿದ್ದಾಗ ನೆಲ ಗಡಗಡ ನಡುಗಿತು. ನಾವೆಲ್ಲ ಊಟದ ಮೇಜಿನ ಕೆಳಗೆ ತೂರಿಕೊಂಡು ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತಿದ್ದರೆ, ಇವರು ಒಲೆ ಆರಿಸಿ, ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು.

"ಅತ್ತೆ, ಪಾತ್ರೆ ಬಿಟ್ಟು ಬನ್ನಿ!" ಎಂದು ಕಿರುಚಿದೆ.

"ಹಾಲು ಚೆಲ್ಲಿದ್ರೆ ಒರೆಸೋಕೆ ನೀನು ಬರ್ತೀಯಾ?"

ನೆಲ ಸುಮ್ಮನಾಯಿತು. ಒಂದು ತೊಟ್ಟು ಹಾಲೂ ಚೆಲ್ಲಲಿಲ್ಲ. ಅವತ್ತಿನ ಕಾಫಿಯನ್ನು ನಾವು ತಲೆ ತಗ್ಗಿಸಿಕೊಂಡು ಕುಡಿದೆವು.

ಇವರು ನನ್ನ ಗಂಡನ ಸೋದರತ್ತೆ. ಕಾವಾಸಾಕಿಯ ಕಾರ್ಖಾನೆಯೊಂದಕ್ಕೆ ಎಂಜಿನಿಯರಾಗಿ ಬಂದವರನ್ನು ಮದುವೆಯಾಗಿ, ಇಲ್ಲಿ ಒಂದೇ ಒಂದು ಕರಿಬೇವಿನ ಎಸಳೂ ಸಿಗದ ಕಾಲದಲ್ಲಿ ಬಂದಿಳಿದವರು. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಮೈಸೂರಿಗೆ ಬಾ ಎಂದು ಎಲ್ಲರೂ ಕರೆದರು. "ಅಲ್ಲಿ ಬಂದು ನಿಮ್ಮ ಸೀರಿಯಲ್ ನೋಡ್ಕೊಂಡು ಕೂತ್ಕೊಳ್ಳಾ?" ಎಂದು ಇಚಿಕಾವಾದಲ್ಲೇ ಉಳಿದರು. ನಾವಿರುವುದು ನಿಶಿ ಕಸಾಯಿ. ತೋಜಾಯ್ ಲೈನಿನಲ್ಲಿ ಕೆಲವೇ ಸ್ಟೇಷನ್. ಹಾಗಾಗಿ ವಾರಕ್ಕೊಮ್ಮೆ ನಾನು ಹೋಗಿ ಬೈಸಿಕೊಂಡು, ಜೊತೆಗೆ ಹುಳಿಪುಡಿ ತೆಗೆದುಕೊಂಡು ಬರುತ್ತೇನೆ.

ಇಂಥವರ ಹೃದಯದ ಕವಾಟವೊಂದು ಕೈಕೊಟ್ಟಿತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಜೊತೆಗೆ ನರ್ಸಮ್ಮ ನಯವಾಗಿ ಬಗ್ಗಿ, "ನಿಮ್ಮ ಕೀ ಪರ್ಸನ್ ಯಾರು?" ಎಂದು ಕೇಳಿದರಂತೆ. ಇಲ್ಲಿಯ ಆಸ್ಪತ್ರೆಗಳಲ್ಲಿ ಹಾಗೊಂದು ಪದವಿಯಿದೆ. ರೋಗಿಗೆ ಮಾತಾಡಲು ಆಗದೆ ಹೋದರೆ ಅವರ ಪರವಾಗಿ ಡಾಕ್ಟರಿಗೆ ಉತ್ತರ ಕೊಡುವವರು. ಮುಂದಿನ ಸಲ ಬರುವಾಗ ಯಾರೆಂದು ಹೇಳಬೇಕು.

ಅತ್ತೆ ಯೋಚಿಸಿದರು. ಯೋಚಿಸಿ, ಮೊದಲು ಸಿನಿಮಾಕ್ಕೆ ಹೋಗೋಣ ಎಂದರು!

ಅದೊಂದು ಫ್ರೆಂಚ್ ಸಿನಿಮಾ. ಮುದುಕಿಯೊಬ್ಬಳು 'ನನಗಿನ್ನು ಚಿಕಿತ್ಸೆ ಸಾಕು' ಎನ್ನುತ್ತಾಳೆ, ಅವಳ ಮೂವರು ಮಕ್ಕಳು ಊಟದ ಮೇಜಿನ ಸುತ್ತ ಕೂತು ಅದಕ್ಕೇ ಕಿತ್ತಾಡುತ್ತಾರೆ. ಮಾತು ಫ್ರೆಂಚ್, ಕೆಳಗೆ ಬರೆದದ್ದು ಜಪಾನೀಸ್. ಅತ್ತೆಗೆ ಜಪಾನೀಸ್ ಮಾತು ನೀರು ಕುಡಿದಷ್ಟು ಸಲೀಸು, ಆದರೆ ಓದಲು ಬಾರದು. ನನಗೆ ಓದಲು ಬರುತ್ತದೆ, ಆದರೆ ಒಂದು ಸಾಲು ಮುಗಿಸುವಷ್ಟರಲ್ಲಿ ಮುಂದಿನ ಮೂರು ಸಾಲು ಬಂದು ಹೋಗಿರುತ್ತವೆ. ಉಸಿರಾಡಿದರೂ ಕೇಳಿಸುವ ಆ ಚಿತ್ರಮಂದಿರದಲ್ಲಿ ನಾನು ಪಿಸುಗುಟ್ಟುತ್ತಾ ಒದ್ದಾಡುತ್ತಿದ್ದರೆ ಅತ್ತೆ ಕನ್ನಡದಲ್ಲಿ, ಗಟ್ಟಿಯಾಗಿ, "ನೀನು ಸುಮ್ನಿರೇ, ನಂಗೆಲ್ಲಾ ಅರ್ಥ ಆಗ್ತಿದೆ. ಆ ದೊಡ್ಡ ಮಗನದು ಬರೀ ಬಾಯಿ. ಸಿಡಿಸಿಡಿ ಅಂತಾಳಲ್ಲ ಚಿಕ್ಕವಳು, ಅವಳಿಗೇ ಅಮ್ಮನ ಮೇಲೆ ಪ್ರಾಣ" ಎಂದರು. ಹಿಂದಿನ ಸಾಲು, ಮುಂದಿನ ಸಾಲು, ಪಕ್ಕದವರು, ಎಲ್ಲರಿಗೂ ಬಗ್ಗಿ ಬಗ್ಗಿ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿ ನನಗೆ ಕತ್ತು ನೋವು ಬಂತು. ಕೊನೆಗೆ ನೋಡಿದರೆ ಅತ್ತೆ ಹೇಳಿದ್ದೇ ಕತೆ!

"ಆ ಫ್ರೆಂಚ್ ಜನ ಒಳ್ಳೇವ್ರು ಕಣೇ," ಎಂದರು ಹೊರಗೆ ಬಂದು. "ಊಟ ಮಾಡ್ತಾ ಜಗಳ ಆಡ್ತಾರೆ. ನಮ್ಮವ್ರು ಜಗಳ ಆಡಿ ಊಟ ಬಿಡ್ತಾರೆ. ಆದ್ರೆ ಆ ಮುದುಕಿ ಒಂದು ತಪ್ಪು ಮಾಡಿದ್ಲು. ಮೂರೂ ಜನಾನ ಒಟ್ಟಿಗೆ ಕೇಳಿದ್ಲು. ಒಬ್ಬೊಬ್ಬರನ್ನೇ ಕರೆದು ಕೇಳ್ಬೇಕಿತ್ತು."

ಹೀಗೆ ಶುರುವಾಯಿತು ನೋಡಿ ಸಂದರ್ಶನ. ಭಾನುವಾರ, ಅತ್ತೆಯ ಮನೆಯ ನಡುಮನೆ, ಅಭ್ಯರ್ಥಿಗಳಿಗೆ ಕೋಡುಬಳೆ ಮತ್ತು ಕಾಫಿ. ಕೊಡುವವಳು ನಾನು. ಪ್ರಶ್ನೆ ಎಲ್ಲರಿಗೂ ಒಂದೇ: "ನಂಗೆ ಎಚ್ಚರ ಇಲ್ಲ. ಇನ್ನು ಏಳೋಲ್ಲ ಅಂತ ಡಾಕ್ಟ್ರೇ ಹೇಳಿದಾರೆ. ಮಷಿನ್ ಹಾಕಿ ಇಟ್ಕೊಳ್ಳಾ ಅಂತ ಕೇಳ್ತಾರೆ. ನಂಗೆ ಅದು ಬೇಡ. ನೀನು ಏನು ಹೇಳ್ತೀಯ?"

ಮೊದಲ ಅಭ್ಯರ್ಥಿ ನನ್ನ ಗಂಡ. ರಕ್ತಸಂಬಂಧಿ, ಕೆಲಸ ತನಗೇ ಎಂದು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದರು. "ಅತ್ತೆ, ಫಸ್ಟು ಎಲ್ಲಾ ಆಪ್ಷನ್ಸ್ ನೋಡ್ಬೇಕು. ಆಮೇಲೆ ಮೈಸೂರವ್ರನ್ನೂ ಸೇರಿಸ್ಕೊಂಡು ಒಂದು ಕಾಲ್ ಇಟ್ಟು, ಎಲ್ಲರ ಇನ್‌ಪುಟ್ ತಗೊಂಡು..."

"ಅಷ್ಟರಲ್ಲಿ ನನ್ನ ತಿಥಿ ಊಟಾನೂ ಮುಗಿದಿರುತ್ತೆ ಕಣೋ! ಎದ್ದೇಳು."

ಎರಡನೆಯವರು ನನ್ನ ಮಾವ, ಅಂದರೆ ಅತ್ತೆಯ ತಮ್ಮ. ಮೈಸೂರಿನಿಂದ ವಿಡಿಯೋದಲ್ಲಿ ಬಂದರು. ಪ್ರಶ್ನೆ ಮುಗಿಯುವ ಮೊದಲೇ ಅಳು. "ಬೇಡ ಅನ್ನೋಕೆ ನೀನ್ಯಾರೇ ಅಕ್ಕಾ? ಯಾವ್ಯಾವ ಮಷಿನ್ ಇದ್ಯೋ ಎಲ್ಲಾ ಹಾಕಿಸ್ತೀನಿ!"

"ನೀನು ಹಳೇ ಮಿಕ್ಸಿನೇ ಎಸೆಯೋಕೆ ಬಿಡದವನು, ನನ್ನನ್ನ ಬಿಡ್ತೀಯಾ!" ಎಂದು ಅತ್ತೆ ಫೋನ್ ಇಟ್ಟರು. ಇಟ್ಟು, ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಮೂರನೆಯವರು ಪಕ್ಕದ ಮನೆಯ ವತನಾಬೆ ಸಾನ್. ಅತ್ತೆಯ ವಯಸ್ಸಿನವರೇ, ಬೆಳಗಿನ ನಡಿಗೆಯ ಜೊತೆಗಾತಿ. ಕೋಡುಬಳೆಯನ್ನು ಮುರಿದು, ಬಾಯಿಗೆ ಕೈ ಅಡ್ಡ ಹಿಡಿದು ತಿಂದು, "ಖಂಡಿತ ಹೇಳುತ್ತೇನೆ, ಮಷಿನ್ ಬೇಡ ಎಂದು. ನೀವು ನಿಶ್ಚಿಂತೆಯಿಂದಿರಿ" ಎಂದು ತಲೆಬಾಗಿದರು. ಇಷ್ಟು ಸ್ಪಷ್ಟ ಉತ್ತರ ಇನ್ನೆಲ್ಲಿ ಸಿಗಬೇಕು? ಕೆಲಸ ಅವರಿಗೇ ಎಂದುಕೊಂಡೆ. ಅತ್ತೆ ಡಬ್ಬಿ ತುಂಬ ಕೋಡುಬಳೆ ಕೊಟ್ಟು, ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿದರು.

"ಎಷ್ಟು ಸಲೀಸಾಗಿ ಒಪ್ಕೊಂಡ್ಲು ನೋಡು! ನಾಳೆ ಯಾವ ಕಸ ಹಾಕೋ ದಿನ ಅಂತ ಕೇಳಿದ್ರೂ ಇನ್ನೂ ಸ್ವಲ್ಪ ಯೋಚನೆ ಮಾಡ್ತಾಳೆ."

ನನಗೆ ರೇಗಿತು. ಬೆಳಗಿನಿಂದ ಕಾಫಿ ಸೋಸಿದವಳು ನಾನು, ನನ್ನನ್ನು ಒಂದು ಮಾತು ಕೇಳಿಲ್ಲ. "ಯಾಕೆ ಅತ್ತೆ, ನಾನು ಮನುಷ್ಯಳಲ್ವಾ?"

"ಸರಿ, ನೀನು ಏನು ಹೇಳ್ತೀಯ, ಹೇಳು."

"ಏನೂ ಹೇಳಲ್ಲ! ನೀವು ಸಾಯೋದಕ್ಕೆ ನಾನು ಹ್ಞೂಂ ಅನ್ಬೇಕಾ? ಮೊದಲು ಆ ಡಾಕ್ಟ್ರನ್ನ ಕೂರಿಸ್ಕೊಂಡು ಕೇಳ್ತೀನಿ. ಏಳಲ್ಲ ಅಂತ ಹೇಗೆ ಗೊತ್ತು, ಇನ್ನೊಬ್ಬರಿಗೆ ತೋರಿಸಿದ್ರಾ, ಸರಿಯಾಗಿ ನೋಡಿದ್ರಾ ಅಂತ..." ಅಷ್ಟರಲ್ಲಿ ಅಳು ಬಂದು, ಉಳಿದದ್ದನ್ನು ಅಡುಗೆಮನೆಗೆ ಹೋಗಿ ಅಲ್ಲಿಯ ಗೋಡೆಗೆ ಹೇಳಿದೆ. ನಾನೂ ಫೇಲು.

ಆಸ್ಪತ್ರೆಯ ದಿನ ಬಂತು. ಚಿಕ್ಕ ಕೋಣೆ, ಡಾಕ್ಟರು, ನರ್ಸು, ನಾವು ಮೂವರು. ಕೀ ಪರ್ಸನ್ ಯಾರೆಂದು ಕೇಳಿದಾಗ ನನ್ನ ಗಂಡ ಟೈ ಸರಿಮಾಡಿಕೊಂಡರು. ಅತ್ತೆ ನನ್ನತ್ತ ಬೆರಳು ತೋರಿಸಿದರು.

"ಅತ್ತೆ, ನನ್ನ ಕೈಲಾಗಲ್ಲ. ಬೇಡ."

"ತಕ್ಷಣ ಒಪ್ಕೊಳ್ಳೋರ ಕೈಗೆ ಜೀವ ಕೊಡೋಕೆ ನಂಗೆ ಭಯ ಕಣೇ," ಎಂದರು ಅತ್ತೆ. ಅವರ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ನೀನು ಕೊನೇವರೆಗೂ ಇವ್ರ ಹತ್ರ ಜಗಳ ಆಡ್ತೀಯ. ಇನ್ನು ಜಗಳ ಆಡೋಕೇನೂ ಉಳಿದಿಲ್ಲ ಅಂತ ಗೊತ್ತಾದ್ಮೇಲೇ ಬಿಡ್ತೀಯ. ಆದ್ರೆ ಆಗ ಬಿಡ್ಬೇಕು. ಬಿಡ್ತೀಯ ತಾನೆ?"

ಡಾಕ್ಟರು ಕಾಯುತ್ತಿದ್ದರು. ಅತ್ತೆ ನನ್ನ ಕೈ ಹಿಡಿದಿದ್ದರು. ಹಿಡಿತ ಬಿಗಿಯಾಗಿತ್ತು, ಆದರೆ ಕೈ ತಣ್ಣಗಿತ್ತು. ನನಗೆ ಗೊತ್ತಿದ್ದ ಜಪಾನೀಸಿನಲ್ಲಿ, ತಡವರಿಸುತ್ತಾ ಹೇಳಿದೆ: ಮರಳಿ ಬರುವ ದಾರಿಯಿದ್ದರೆ ಎಲ್ಲವನ್ನೂ ಮಾಡಿ. ಇಲ್ಲವೆಂದು ಖಚಿತವಾದರೆ ಮಷಿನ್ ಬೇಡ. ಅದು ಇವರ ಇಷ್ಟ, ನಾನು ಅದನ್ನು ನಡೆಸಿಕೊಡುತ್ತೇನೆ.

ಡಾಕ್ಟರು ತಲೆಬಾಗಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದರು. ತಮ್ಮನ ಮಗನ ಹೆಂಡತಿ ಎನ್ನುವುದನ್ನು ಜಪಾನೀಸಿನಲ್ಲಿ ಜೋಡಿಸಲು ನಾನು ಬಾಯಿ ತೆರೆದೆ.

"ಮುಸುಮೆ ದೆಸ್," ಎಂದರು ಅತ್ತೆ. ಮಗಳು ಎಂದು.

ನನ್ನ ಗಂಡ ತಿದ್ದಲು ಹೋಗಲಿಲ್ಲ. ನಾನೂ ಹೌದು ಎಂದೆ. ಈ ಊರಿಗೆ ಬಂದ ಮೇಲೆ ಅಷ್ಟು ಹೆಮ್ಮೆಯಿಂದ ಇನ್ನೊಂದು ಮಾತನ್ನು ನಾನು ಆಡಿಲ್ಲ.

ಬರುವ ವಾರ ಆಪರೇಷನ್. ಜಗಳಕ್ಕೆ ಬೇಕಾಗುವ ಜಪಾನೀಸನ್ನೆಲ್ಲ ಕಲಿಯುತ್ತಿದ್ದೇನೆ. ಬಿಟ್ಟುಕೊಡಲು ಬೇಕಾದ ಒಂದು ವಾಕ್ಯವನ್ನೂ ಕಲಿತಿದ್ದೇನೆ, ತಪ್ಪಿಲ್ಲದೆ. ದೇವರೇ, ಅದನ್ನು ನನ್ನ ಬಾಯಲ್ಲಿ ಹೇಳಿಸಬೇಡಪ್ಪ.