ಕಟ್ಟೆಗೆ ನಾನು ಕೊಟ್ಟ ಫಲ

ಸುಳ್ಳು ಹೇಳುವುದು ಪಾಪವೆಂದು ನನಗೆ ಗೊತ್ತು. ಆದರೆ ಖರೇ ಕಥೆಯೊಂದರ ಬಾಲಕ್ಕೆ ನಾಲಿಗೆ ತಾನಾಗಿಯೇ ಏನಾದರೂ ಅಂಟಿಸಿಬಿಟ್ಟರೆ ಅದು ಯಾವ ಪಾಪ? ದೀಪ ಹಚ್ಚುವಾಗ ದೇವರನ್ನು ಎರಡು ಮೂರು ಸಲ ಕೇಳಿದ್ದೇನೆ. ಅವನು ಉತ್ತರ ಕೊಟ್ಟಿಲ್ಲ, ಬೈದೂ ಇಲ್ಲ. ಬೈಯದಿರುವುದೂ ಒಂದು ಕೃಪೆಯೇ ಎಂದುಕೊಂಡು ದೀಪಕ್ಕೆ ಇನ್ನೊಂದು ಚಮಚ ಎಣ್ಣೆ ಹಾಕಿದ್ದೇನೆ.

ನಮ್ಮ ಮನೆ ಸುಲ್ತಾನ್ ಬಜಾರಿನ ಹಿಂದಿನ ಒಂದು ಗಲ್ಲಿಯಲ್ಲಿದೆ. ಬಾಗಿಲ ಮುಂದೆ ಒಂದು ಕಲ್ಲಿನ ಕಟ್ಟೆ. ಇಬ್ಬರು ಆರಾಮವಾಗಿ, ಮೂವರು ಪ್ರೀತಿಯಿಂದ ಕೂಡಬಹುದು. ಮಧ್ಯಾಹ್ನ ಮೂರಕ್ಕೆ ಅದರ ಮೇಲೆ ನೆರಳು ಬರುತ್ತದೆ. ನೆರಳಿನ ಹಿಂದೆ ನಾನು, ನನ್ನ ಹಿಂದೆ ಎದುರು ಮನೆಯ ನೂರಜಹಾನ್ ಆಪಾ. ಆಕೆ ಬೀದರದವಳು, ನಾನು ಕಲಬುರಗಿಯವಳು. ಹೊರಗೆಲ್ಲ ತೆಲುಗು, ಹಿಂದಿ ಎಂದು ನಾಲಿಗೆ ತಿರುವಿ ದಣಿದ ನಾವಿಬ್ಬರೂ ಆ ಒಂದು ತಾಸು ಕನ್ನಡದಲ್ಲಿ ಕಾಲು ಚಾಚುತ್ತೇವೆ. ಇಡೀ ದಿನದಲ್ಲಿ ಯಾರೂ ನನ್ನನ್ನು 'ಅದೆಲ್ಲಿ, ಇದೆಲ್ಲಿ' ಎಂದು ಕೇಳದ ತಾಸು ಅದೊಂದೇ.

ಹೋದ ವರ್ಷ ನಮ್ಮ ಗಲ್ಲಿಗೆ ಪ್ರವಾಸಿಗರನ್ನು ನಡೆಸಿಕೊಂಡು ಬರುವ ಯೋಜನೆ ಬಂತು. ಹಳೆಯ ಕಮಾನು, ಹಳೆಯ ಬಾಗಿಲು ನೋಡಲು ಜನ ಬರುತ್ತಾರಂತೆ. ನಾವು ದಿನಾ ಒರೆಸುವ ಬಾಗಿಲು ನೋಡಲು ಯಾರಾದರೂ ಬರುತ್ತಾರೆಂದರೆ ಸಂತೋಷವೇ. ಆದರೆ ಅಳತೆಗೆ ಬಂದವರು ನಮ್ಮ ಕಟ್ಟೆಯ ಮೇಲೆ ಸುಣ್ಣದಿಂದ ಅಡ್ಡಗೆರೆ ಎಳೆದರು. ದಾರಿಗೆ ಅಡ್ಡ, ತೆಗೆಯಬೇಕು ಎಂದು ಅರ್ಥ. ನಾನು ನೇರ ಅವರ ಕಚೇರಿಗೇ ಹೋದೆ.

ಆ ಯೋಜನೆಯ ಸ್ವಪ್ನಾ ಒಳ್ಳೆಯ ಹುಡುಗಿ. ತಾಯಿ ರಾಯಚೂರಿನವಳಾದ್ದರಿಂದ ಕನ್ನಡ ಬರುತ್ತದೆ. "ಆಂಟೀ, ಗಾಬರಿ ಆಗಬ್ಯಾಡ್ರಿ, ನಕ್ಷೆ ಇನ್ನೂ ಮುಗಿದಿಲ್ಲ. ರವಿವಾರ ಗಲ್ಲಿಯವರೆಲ್ಲ ಕೂಡಿ ತಮ್ಮ ತಮ್ಮ ಜಾಗದ ಕಥಿ ಹೇಳ್ರಿ. ಕಥಿ ಇರೋ ಜಾಗ ನಾವು ಮುಟ್ಟೋದಿಲ್ಲ" ಎಂದಳು.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ, "ಕಟ್ಟಿಗೇನ್ ಕಥಿ ಇರ್ತದ? ನೀವಿಬ್ಬರೂ ಕೂತು ಮಂದಿ ಮನಿ ಸುದ್ದಿ ಆಡೋದೇ ಅದರ ಕಥಿ" ಎಂದರು.

ನನಗೆ ಕಥೆ ಹೇಳುವ ಒಂದೇ ಪದ್ಧತಿ ಗೊತ್ತು, ಶ್ರಾವಣ ಶುಕ್ರವಾರದ ವ್ರತದ ಕಥೆಯ ಪದ್ಧತಿ. ಕೇಳುವವರ ಮುಷ್ಟಿಯಲ್ಲಿ ಅಕ್ಷತೆ ಇರಬೇಕು. ಹೀಗಾಗಿ ರವಿವಾರ ಅರಿಶಿನ ಹಚ್ಚಿದ ಅಕ್ಕಿ ಒಯ್ದು ಎಲ್ಲರಿಗೂ ಹಂಚಿದೆ. ಯೋಜನೆಯ ದೊಡ್ಡ ಸಾಹೇಬರು ಒಂದು ಮುಷ್ಟಿ ಬಿಗಿಹಿಡಿದು ಇನ್ನೊಂದು ಕೈಯಿಂದ ಲ್ಯಾಪ್‌ಟಾಪ್ ಕುಟ್ಟುತ್ತಿದ್ದರು. ಕಥೆ ಮಾತ್ರ ನನ್ನದೇ, ನೂರಕ್ಕೆ ನೂರು ಖರೇ. ಮದುವೆಯಾಗಿ ಬಂದ ಮೊದಲ ವಾರ, ಬದನೆಕಾಯಿ ತರಲು ಹೋದವಳು ದಾರಿ ತಪ್ಪಿ, ಭಾಷೆ ಬಾರದೆ, ಸುತ್ತಿ ಸುತ್ತಿ ಕೊನೆಗೆ ಸಿಕ್ಕ ಕಟ್ಟೆಯ ಮೇಲೆ ಕೂತು "ಯವ್ವಾ" ಎಂದು ಅತ್ತುಬಿಟ್ಟೆ. ಎದುರು ಮನೆಯಿಂದ ಒಬ್ಬಾಕೆ ನೀರು ತಂದು ಕನ್ನಡದಲ್ಲೇ ಕೇಳಿದಳು.

"ಯಾಕ ಅಳ್ಲತ್ತೀ ತಂಗೀ?"

"ಮನಿ ಕಳದದ್ರಿ."

"ಹ್ಯಾಂಗಿತ್ತು ಮನಿ?"

"ಹಸರ ಬಾಗಲಾ. ಮುಂದ ಒಂದು ಕಲ್ಲಿನ ಕಟ್ಟಿ."

"ಹುಚ್ಚಿ, ಹಿಂದ ತಿರುಗಿ ನೋಡು!"

ಸಭೆ ಬಿದ್ದು ಬಿದ್ದು ನಕ್ಕಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ವ್ರತದ ಕಥೆ ಫಲ ಹೇಳದೆ ಮುಗಿಯುವುದುಂಟೇ? ರೂಢಿಯ ನಾಲಿಗೆ, "ಈ ಕಟ್ಟೆಯ ಮೇಲೆ ಭಕ್ತಿಯಿಂದ ಕೂತವರಿಗೆ ಕಳೆದದ್ದು ಸಿಗುತ್ತದೆ" ಎಂದು ಕೈಮುಗಿದುಬಿಟ್ಟೆ. ಎಲ್ಲರೂ ನಕ್ಷೆಯ ಮೇಲೆ ಅಕ್ಷತೆ ಹಾಕಿದರು. ಸ್ವಪ್ನಾ ಫಲವನ್ನೂ ಬರೆದುಕೊಂಡಳು.

ಕಟ್ಟೆ ಉಳಿಯಿತು. ಸುಣ್ಣದ ಗೆರೆ ಅಳಿಸಿ, ಪಕ್ಕದಲ್ಲಿ ಮೂರು ಭಾಷೆಗಳ ಫಲಕ ನೆಟ್ಟರು: 'ಕಳೆದದ್ದು ಸಿಗುವ ಕಟ್ಟೆ'. ನಾನು ಸ್ವಪ್ನಾಳ ಬಳಿ ಓಡಿಹೋಗಿ, "ಅದು ಬಾಯಿ ತಪ್ಪಿ ಬಂದದ್ದವ್ವಾ, ಅಳಸು" ಎಂದೆ. "ಆಂಟೀ, ಮಂದಿ ಬರೋದೇ ಅದಕ್ಕ!" ಎಂದಳು. ಬಂದರು ಕೂಡ. ಉಂಗುರ ಕಳೆದುಕೊಂಡವರು, ನಿದ್ದೆ ಕಳೆದುಕೊಂಡವರು, ಮೆಹದಿಪಟ್ಟಣಂ ಬಸ್ಸಿನಲ್ಲಿ ಛತ್ರಿ ಬಿಟ್ಟುಬಂದ ಹಿರಿಯರೊಬ್ಬರು. ಬರುವ ಹೊತ್ತು ಸರಿಯಾಗಿ ಮಧ್ಯಾಹ್ನ ಮೂರು, ಯಾಕೆಂದರೆ ನೆರಳು ಆಗಲೇ. ನಾವಿಬ್ಬರೂ ನಮ್ಮ ನಮ್ಮ ಬಾಗಿಲಲ್ಲಿ ನಿಂತು, ನಡುವಿನ ಸರದಿಸಾಲಿನ ತಲೆಗಳ ಮೇಲಿಂದ ಕೂಗಿ ಮಾತಾಡುವಂತಾಯಿತು. "ಕಟ್ಟಿ ಉಳಿಸಿದಿ ತಂಗೀ, ಕೂಡೋದು ಉಳಿಸಲಿಲ್ಲ ನೋಡು. ಹಚ್ಚು, ಇನ್ನೊಂದು ಫಲ ಹಚ್ಚು!" ಎಂದು ಆಪಾ ಚುಚ್ಚುವಳು.

ಮೊನ್ನೆ ಬಾಗಿಲಲ್ಲಿ ನಿಂತು ನಿಂತು ಮೊಣಕಾಲು ತಡೆಯದೆ, ಕಟ್ಟೆಯ ಮೇಲೆ ಕೂಡುವ ಆಸೆಗೆ ನಾವಿಬ್ಬರೂ ಸಾಲಿನಲ್ಲೇ ನಿಂತೆವು. ಜನರನ್ನು ಕರೆತರುವಾಕೆ ಹೊಸಬಳು, ನಮ್ಮ ಗುರುತಿಲ್ಲ. ನಮ್ಮ ಸರದಿ ಬಂದಾಗ, "ಅಮ್ಮಾ, ಏನು ಕಳೆದಿದೆ?" ಎಂದು ತೆಲುಗಿನಲ್ಲಿ ಕೇಳಿದಳು. ಉಂಗುರ ಬೆರಳಲ್ಲಿತ್ತು, ನಿದ್ದೆ ಚೆನ್ನಾಗಿ ಬರುತ್ತದೆ, ದೇವರ ದಯೆ. ಮತ್ತೊಂದು ಸುಳ್ಳಿಗೆ ಮನಸ್ಸಾಗಲಿಲ್ಲ.

"ಈ ಕಟ್ಟೆಯೇ ಕಳೆದಿದೆಯಮ್ಮಾ" ಎಂದೆ.

ಅವಳು ಬಹಳ ಗಂಭೀರವಾಗಿ, "ಕೂತುಕೊಳ್ಳಿ, ಸಿಗುತ್ತದೆ" ಎಂದಳು.

ಕೂತೆವು. ಕಲ್ಲು ತಣ್ಣಗಿತ್ತು. ಆಪಾ ಮೊಣಕೈಯಿಂದ ತಿವಿದು, "ಸಿಕ್ತೇನ?" ಎಂದಳು. "ಸಿಕ್ತ್ರಿ ಆಪಾ" ಎಂದೆ. ಒಬ್ಬೊಬ್ಬರಿಗೆ ಎರಡು ನಿಮಿಷವಂತೆ. ನಮ್ಮ ಹಿಂದಿದ್ದ ಕೊಂಡಾಪುರದ ಹುಡುಗಿ ಗಡಿಯಾರ ನೋಡತೊಡಗಿದಾಗ, "ವಯಸ್ಸಾದವರಿಗೆ ಸಿಗುವುದು ಸ್ವಲ್ಪ ತಡವಮ್ಮಾ, ಈ ಕಟ್ಟೆಯ ನಿಯಮವೇ ಹಾಗೆ" ಎಂದು, ಈ ಸಲ ಬಾಯಿ ತಪ್ಪದೆಯೇ, ಹೇಳಿ ಗೋಡೆಗೆ ಒರಗಿದೆ.